ಕೊನ್‌ಮಾರಿ ವಿಧಾನ

ಮನೆಯಲ್ಲಿ ತುಂಬಿಕೊಂಡ ಬೇಡದ ಸಾಮಾನನ್ನು ವಿಲೇವಾರಿ ಮಾಡಿ, ಉಳಿದುದನ್ನು ಓರಣವಾಗಿಡುವ ಜಪಾನಿ ಪದ್ಧತಿ. ಪ್ರವರ್ತಕಿ ಮರಿ ಕೊಂಡೊ (ಜನನ 1984). ಈ ಕುರಿತ ಇವರ ಜಪಾನಿ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು; 2019ರ ನೆಟ್‌ಫ್ಲಿಕ್ಸ್ ಸರಣಿಯಿಂದ ವಿಧಾನ ಇನ್ನಷ್ಟು ಹೆಸರಾಯಿತು.

ಕೋಣೆವಾರು ಅಲ್ಲ, ವಸ್ತುವಾರು ವಿಂಗಡಣೆ ಇದರ ವೈಶಿಷ್ಟ್ಯ. ಬಟ್ಟೆ, ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ನೆನಪಿನ ವಸ್ತು ಎಂಬುದು ಕ್ರಮ; ಬಿಡಲು ಮನಸ್ಸು ಬಾರದವು ಕೊನೆಗೆ. ತಮ್ಮ ಬಟ್ಟೆಯನ್ನೆಲ್ಲ ಒಂದೆಡೆ ರಾಶಿ ಹಾಕಿ, ಒಂದೊಂದನ್ನೇ ಕೈಗೆತ್ತಿಕೊಂಡು, ಸಂತೋಷ ಕೊಡುವುದನ್ನಷ್ಟೇ ಉಳಿಸಿ, ಮಿಕ್ಕವಕ್ಕೆ ಕೃತಜ್ಞತೆ ಹೇಳಿ ಕಳಿಸಬೇಕು. ಉಳಿಸಿದ್ದನ್ನು ಆಯತಾಕಾರವಾಗಿ ಮಡಿಚಿ ಡ್ರಾಯರಿನಲ್ಲಿ ನಿಲ್ಲಿಸಿಟ್ಟರೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಪ್ರತಿ ವಸ್ತುವಿಗೂ ನಿಗದಿತ ಜಾಗವಿದ್ದು, ಬಳಸಿದ ಮೇಲೆ ಅಲ್ಲಿಗೇ ಮರಳಿಸಿದರೆ ಓರಣ ಕೆಡುವುದಿಲ್ಲ.