ಉಪಗ್ರಹ ಕಂಡ ಎತ್ತರ, ನೀರು ಕಂಡ ದಾರಿ

ಇವತ್ತಿನದು ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಕೆಂಗೇರಿ, ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿ ಕಡೆ ಲೇಔಟ್ ಮಾಡೋಕೆ ಬರೋರು ಈಗ ಬರೀ ಕಾಗದದ ನಕ್ಷೆ ತರಲ್ಲ. ಲ್ಯಾಪ್‌ಟಾಪ್ ತೆಗೆದು ಬಣ್ಣಬಣ್ಣದ ತ್ರೀಡಿ ಚಿತ್ರ ತೋರಿಸ್ತಾರೆ. ದಿಬ್ಬ ಕೆಂಪು, ತಗ್ಗು ನೀಲಿ. "ನೋಡಿ ಯಜಮಾನ್ರೇ, ಸ್ಯಾಟಲೈಟೇ ಹೇಳ್ತಾ ಇದೆ, ಹಳ್ಳ ಹೋಗೋದು ನಿಮ್ಮ ಹೊಲದಲ್ಲಿ, ನಮ್ಮ ಕಡೆ ಅಲ್ಲ" ಅಂತಾರೆ. ನನಗೂ ಇಂಥ ಒಂದು ಚಿತ್ರ ತೋರಿಸಿದ್ರು. ಇದನ್ನ ಯಾರು ಮಾಡಿದ್ದು, ಹೇಗೆ ಮಾಡಿದ್ದು, ಎಷ್ಟರ ಮಟ್ಟಿಗೆ ನಂಬಬೇಕು ಅಂತ ಆಗಿನಿಂದ ಓದ್ತಾ ಬಂದೆ. ಓದಿದ್ದನ್ನ ನಿಮಗೆ ಹೇಳ್ತೀನಿ.

ಮೊದಲು ಹಳೇ ಅಳತೆಯ ಕಥೆ. ಟಿಪ್ಪು ಬಿದ್ದಿದ್ದು 1799ರಲ್ಲಿ. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಅನ್ನೋ ಸೇನಾಧಿಕಾರಿ ಬೆಂಗಳೂರಿನ ಹತ್ತಿರ ನೆಲದ ಮೇಲೆ ಸರಪಳಿ ಹಾಸಿ ಒಂದು ನೇರ ಗೆರೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಶುರುವಾದ ಮಹಾ ತ್ರಿಕೋನಮಿತಿ ಸರ್ವೆಗೆ ಅದು ತಾಲೀಮು ಇದ್ದ ಹಾಗೆ. ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿದು ಇಡೀ ದೇಶ ಅಳೆದರು. ಆದ್ರೆ ಅವರ ಕಣ್ಣು ಇದ್ದಿದ್ದು ಬೆಟ್ಟದ ತುದಿಗಳ ಮೇಲೆ. ನಮ್ಮ ಕೆರೆ ಕೋಡಿ ಎಷ್ಟು ಎತ್ತರ, ತೂಬು ಎಷ್ಟು ತಗ್ಗು ಅನ್ನೋದು ಅವರ ಲೆಕ್ಕದಲ್ಲಿ ಇರಲಿಲ್ಲ.

ಆಮೇಲೆ ಮೈಸೂರು ಸೀಮೆಯಲ್ಲಿ 1863ರಿಂದ ಕಂದಾಯ ಸರ್ವೆ ಶುರುವಾಯ್ತು. ನಮ್ಮ ಸರ್ವೆ ನಂಬರು, ಬಾಂದು ಕಲ್ಲು, ಗ್ರಾಮ ನಕ್ಷೆ ಎಲ್ಲದರ ಬೇರು ಅಲ್ಲಿದೆ. 33 ಅಡಿ ಸರಪಳಿ, 33ಕ್ಕೆ 33 ಅಡಿ ಆದ್ರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಸರಪಳಿ ಹಿಡಿದವರು ಹೊಲ ಹೊಲ ತುಳಿದು ಅಳೆದಿದ್ದರಿಂದ ಕೆರೆ, ಹಳ್ಳ, ಕಾಲುವೆ, ಬಂಡಿ ದಾರಿ ಎಲ್ಲಾ ಗೆರೆಯಾಗಿ ಕೂತವು. ಆದ್ರೆ ಆ ನಕ್ಷೆಯಲ್ಲಿ ಎತ್ತರ ಇಲ್ಲ. ನೀರು ಎಲ್ಲಿ ಹರಿಯುತ್ತೆ ಅಂತ ಅದು ತೋರಿಸುತ್ತೆ, ಯಾಕೆ ಹಾಗೆ ಹರಿಯುತ್ತೆ ಅಂತ ಹೇಳಲ್ಲ. ಅದು ಗೊತ್ತಿದ್ದಿದ್ದು ನೀರಗಂಟಿಗೆ. ಯಾವ ಗದ್ದೆಗೆ ಮೊದಲು ಏರುತ್ತೆ, ಎಲ್ಲಿ ಮಡುಗಟ್ಟುತ್ತೆ ಅನ್ನೋದು ಅವನ ತಲೆಯಲ್ಲಿ ಇರ್ತಿತ್ತು, ಕಾಗದಕ್ಕೆ ಬರಲಿಲ್ಲ.

ಎತ್ತರವನ್ನ ಚಿತ್ರದಿಂದ ತೆಗೆಯೋ ವಿದ್ಯೆ ವಿಮಾನದ ಜೊತೆ ಬಂತು. ಒಂದು ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡೀರಿ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಬೆರಳು ಜಾಗ ಬದಲಾಯಿಸಿದ ಹಾಗೆ ಕಾಣುತ್ತೆ. ದೂರದ ಮರ ಅಷ್ಟು ಸರಿಯಲ್ಲ, ಹತ್ತಿರದ ಬೆರಳು ಜಾಸ್ತಿ ಸರಿಯುತ್ತೆ. ವಿಮಾನದಿಂದ ಒಂದೇ ಜಾಗವನ್ನ ಎರಡು ಕಡೆಯಿಂದ ಫೋಟೋ ತೆಗೆದ್ರೆ, ದಿಬ್ಬ ಜಾಸ್ತಿ ಸರಿಯುತ್ತೆ, ತಗ್ಗು ಕಮ್ಮಿ ಸರಿಯುತ್ತೆ. ಆ ಸರಿತವೇ ಎತ್ತರದ ಲೆಕ್ಕ. ಎರಡು ಕಣ್ಣಿನ ಮಸೂರದ ಯಂತ್ರದ ಮುಂದೆ ಕೂತು ಮನುಷ್ಯರೇ ಒಂದೊಂದು ಬಿಂದು ಹಿಡಿದು ಎತ್ತರದ ಗೆರೆ ಎಳೀತಿದ್ರು. ಸರ್ವೆ ಆಫ್ ಇಂಡಿಯಾ ನಕ್ಷೆಯಲ್ಲಿ ಕಾಣೋ ಕಂದು ಬಣ್ಣದ ಗೆರೆ ಅದೇ. ಸಾಮಾನ್ಯವಾಗಿ 20 ಮೀಟರಿಗೆ ಒಂದು ಗೆರೆ. ನಮ್ಮ ಊರಿನ ಕೆರೆ, ಏರಿ, ಅಚ್ಚುಕಟ್ಟು ಎಲ್ಲಾ ಎರಡು ಗೆರೆಗಳ ನಡುವೆ ಮುಗಿದು ಹೋಗುತ್ತೆ.

ಈಗ ನಮ್ಮ ಕಡೆಗೇ ಬರ್ತೀನಿ. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನ ಕಟ್ಟಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ. ಅದು ಮೇಲೆ ಹೋಗಿದ್ದು 19 ಏಪ್ರಿಲ್ 1975ರಂದು. ರಾಜಾಜಿನಗರದಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ ಅಷ್ಟೆ. ಉಪಗ್ರಹಗಳ ಮೇಲೆ ಕಣ್ಣಿಡೋ ಇಸ್ರೋ ಕೇಂದ್ರ ಇಸ್ಟ್ರಾಕ್ ಕೂಡ ಪೀಣ್ಯದಲ್ಲೇ ಇದೆ. ಆರ್ಯಭಟ ಆಗಿ 30 ವರ್ಷಕ್ಕೆ, 5 ಮೇ 2005ರಂದು, ಶ್ರೀಹರಿಕೋಟಾದಿಂದ ಕಾರ್ಟೋಸ್ಯಾಟ್-1 ಹೋಯ್ತು. ತೂಕ 1560 ಕಿಲೋ, ಹಾರಿದ್ದು 618 ಕಿಲೋಮೀಟರ್ ಎತ್ತರದಲ್ಲಿ. ಅದರ ವಿಶೇಷ ಅಂದ್ರೆ ಎರಡು ಕಣ್ಣು. ಒಂದು ಕ್ಯಾಮೆರಾ 26 ಡಿಗ್ರಿ ಮುಂದಕ್ಕೆ ಬಾಗಿದೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ. ಮುಂದಿನ ಕಣ್ಣು ಕಂಡ ಜಾಗವನ್ನ ಸುಮಾರು 52 ಸೆಕೆಂಡ್ ಬಿಟ್ಟು ಹಿಂದಿನ ಕಣ್ಣು ಕಾಣುತ್ತೆ. ಚಿತ್ರದ ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ 2.5 ಮೀಟರ್.

ಇಡೀ ದೇಶದ ಜೋಡಿ ಚಿತ್ರ ಬಂದ ಮೇಲೆ ಮನುಷ್ಯ ಕೂತು ಒಂದೊಂದು ಬಿಂದು ಹಿಡಿಯೋಕೆ ಆಗುತ್ತಾ? ಅದಕ್ಕೆ ಅಹಮದಾಬಾದಿನ ಇಸ್ರೋ ಕೇಂದ್ರದವರು ತಂತ್ರಾಂಶ ಬರೆದರು. ನೆಲದ ಮೇಲೆ ಜಿಪಿಎಸ್‌ನಿಂದ ಅಳೆದ ಕೆಲವು ಗುರುತು ಕೊಟ್ರೆ ಸಾಕು, ಉದ್ದದ ಪಟ್ಟಿಯನ್ನೇ ಕಂಪ್ಯೂಟರ್ ಸರಿಹೊಂದಿಸುತ್ತೆ. ಮೊದಲ ಚಿತ್ರದ ಒಂದು ಸಣ್ಣ ತುಂಡು ತಗೊಂಡು ಎರಡನೇ ಚಿತ್ರದಲ್ಲಿ ಅದೇ ಥರದ ತುಂಡು ಎಲ್ಲಿದೆ ಅಂತ ಹುಡುಕುತ್ತೆ. ಸಿಕ್ಕಿದ ಮೇಲೆ ಎಷ್ಟು ಸರಿದಿದೆ ನೋಡಿ ಎತ್ತರ ಬರೆಯುತ್ತೆ. ಹೀಗೆ ಆಗಿದ್ದೇ ಕಾರ್ಟೋಡೆಮ್. ಇಸ್ರೋದ ಭುವನ್ ತಾಣದಲ್ಲಿ 30 ಮೀಟರ್ ಚೌಕದ್ದು ಪುಕ್ಕಟೆ ಸಿಗುತ್ತೆ. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಲೆಕ್ಕ ಹಾಕಿ ನೋಡಿ. ಆ ಎರಡು ಕಣ್ಣಿನ ಕೋನಕ್ಕೆ ನೆಲ ಒಂದು ಮೀಟರ್ ಎತ್ತರ ಆದ್ರೆ ಚಿತ್ರದಲ್ಲಿ ಸರಿಯೋದು ಸುಮಾರು 0.62 ಮೀಟರ್. ಅಂದ್ರೆ ಕಾಲು ಚುಕ್ಕಿ. ಹೋಲಿಕೆ ಹಿಡಿಯೋವಾಗ ಕಂಪ್ಯೂಟರ್ ಒಂದೇ ಒಂದು ಚುಕ್ಕಿ ತಪ್ಪಿದ್ರೆ ಎತ್ತರದಲ್ಲಿ 4 ಮೀಟರ್ ವ್ಯತ್ಯಾಸ ಬರುತ್ತೆ. ಕಾರ್ಟೋಡೆಮ್ ಮಾಡಿದವರೇ ಹೇಳಿರೋ ಎತ್ತರದ ನಿಖರತೆ 8 ಮೀಟರ್. ಅವರು ಮುಚ್ಚಿಟ್ಟಿಲ್ಲ. ನಮ್ಮ ಮುಂದೆ ಚಿತ್ರ ಹಿಡಿಯೋರು ಅದನ್ನ ಹೇಳಲ್ಲ, ಅಷ್ಟೆ. ನಮ್ಮ ಬದು ಎಷ್ಟು ಎತ್ತರ? ಮೊಣಕಾಲಷ್ಟು, ಹೆಚ್ಚಂದ್ರೆ ಸೊಂಟದಷ್ಟು.

ಇನ್ನೊಂದು ವಿಷಯ. ಉಪಗ್ರಹ ಕಾಣೋದು ನೆಲ ಅಲ್ಲ, ನೆಲದ ಮೇಲೆ ಇರೋದನ್ನ. ನೀಲಗಿರಿ ತೋಪು ಇದ್ರೆ ಅದು ದಿಬ್ಬ. ತೋಪು ಕಡಿದ ಮೇಲೆ ತೆಗೆದ ಚಿತ್ರದಲ್ಲಿ ದಿಬ್ಬ ಮಾಯ. ವಿಜಯನಗರ, ಬಸವೇಶ್ವರನಗರದಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಅಲ್ಲಿ ತಾರಸಿಯೇ ನೆಲ ಆಗಿಬಿಡುತ್ತೆ. ಮಧ್ಯದ 30 ಅಡಿ ರಸ್ತೆ, ಅದರ ಪಕ್ಕದ ಮೋರಿ, ಒಂದೂ 30 ಮೀಟರ್ ಚೌಕಕ್ಕೆ ಕಾಣಲ್ಲ. ತುಂಬಿದ ಕೆರೆಯ ನೀರಿನ ಮೇಲೆ ಗುರುತೇ ಇರಲ್ಲ, ಹೋಲಿಕೆ ಸಿಗದೆ ಕಂಪ್ಯೂಟರ್ ಏನೇನೋ ಎತ್ತರ ಬರೆಯುತ್ತೆ. ಅಂಥ ಕಡೆ ಕೊನೆಗೆ ಮನುಷ್ಯರೇ ಕೂತು ತಿದ್ದಬೇಕು.

ಹಾಗಂತ ಇದು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳ್ತಿಲ್ಲ. ದೊಡ್ಡದನ್ನ ಅದು ಚೆನ್ನಾಗಿ ಹೇಳುತ್ತೆ. ಬೆಂಗಳೂರಿನ ನಡುವೆ ಉತ್ತರ ದಕ್ಷಿಣವಾಗಿ ಒಂದು ದಿಣ್ಣೆ ಇದೆ, ಅದರ ಪೂರ್ವದ ನೀರು ದಕ್ಷಿಣ ಪಿನಾಕಿನಿಗೆ, ನಮ್ಮ ಪಶ್ಚಿಮದ ನೀರು ವೃಷಭಾವತಿ ಹಿಡಿದು ಕೆಂಗೇರಿ ದಾಟಿ ಭೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿ, ಕಾವೇರಿಗೆ. ಈ ಇಳಿಜಾರು ನೂರು ಮೀಟರಿಗೂ ಹೆಚ್ಚು, 8 ಮೀಟರ್ ತಪ್ಪಿದ್ರೂ ಅದು ಸ್ಪಷ್ಟವಾಗಿ ಕಾಣುತ್ತೆ. ಯಾವ ಕೆರೆಗೆ ಯಾವ ಬಯಲಿನ ನೀರು ಅನ್ನೋದನ್ನೂ ಹೆಚ್ಚುಕಮ್ಮಿ ಸರಿಯಾಗಿ ತೋರಿಸುತ್ತೆ. ಅದು ಹೇಳಲಾರದ್ದು ಒಂದು ಸರ್ವೆ ನಂಬರಿನ ಒಳಗೆ ಹಳ್ಳ ಎಡಕ್ಕಾ ಬಲಕ್ಕಾ ಅನ್ನೋದು.

ನಮಗೆ ಬೇಕಾಗಿರೋದು ಅದೇ. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆ, ರಾಜಕಾಲುವೆ ಪಕ್ಕ ಬಿಡಬೇಕಾದ ಜಾಗ ಹೆಚ್ಚಿಸಿತ್ತು. ಸುಪ್ರೀಂ ಕೋರ್ಟ್ 5 ಮಾರ್ಚ್ 2019ರಂದು ಅದನ್ನ ತೆಗೆದು ಹಾಕಿ, 2015ರ ಮಹಾಯೋಜನೆಯ ಅಳತೆಯೇ ಇರಲಿ ಅಂದಿತು. ಆ ಯೋಜನೆ ಪ್ರಕಾರ ಕೆರೆಗೆ 30 ಮೀಟರ್, ಕಾಲುವೆ ಮಧ್ಯದಿಂದ ದೊಡ್ಡದಕ್ಕೆ 50, ನಡುವಿನದಕ್ಕೆ 25, ಸಣ್ಣದಕ್ಕೆ 15 ಮೀಟರ್. ಈಗ ಹೋಲಿಸಿ. ಕಾರ್ಟೋಡೆಮ್‌ನ ಒಂದು ಚೌಕವೇ 30ಕ್ಕೆ 30 ಮೀಟರ್. ಸುಮಾರು 9 ಗುಂಟೆಗೆ ಒಂದೇ ಒಂದು ಎತ್ತರ. ಕಂಪ್ಯೂಟರ್ ಎಳೆದ ನೀಲಿ ಗೆರೆ ಒಂದು ಚೌಕ ಆಚೆಗೆ ಬಿದ್ರೆ 15 ಮೀಟರಿನ ಬಫರ್ ಪೂರ್ತಿ ನಿಮ್ಮ ಪಕ್ಕದವರಿಂದ ನಿಮ್ಮ ಹೊಲಕ್ಕೆ ಬರುತ್ತೆ. ಇಲ್ಲವೇ ಇರೋ ಹಳ್ಳ ಚಿತ್ರದಲ್ಲಿ ಇಲ್ಲದೇ ಹೋಗಿ, ಅದರ ಮೇಲೆ ಸೈಟು ಏಳುತ್ತೆ. ಆಮೇಲೆ ಮಳೆ ಬಂದಾಗ ಆ ನೀರು ನಮ್ಮ ರಾಗಿ ಹೊಲದಲ್ಲಿ ದಾರಿ ಹುಡುಕುತ್ತೆ.

ಈಗ 2019ರಲ್ಲಿ ಹೋದ ಕಾರ್ಟೋಸ್ಯಾಟ್-3 ಒಂದು ಅಡಿ ಅಳತೆಯ ಚುಕ್ಕಿಯಲ್ಲೇ ನೋಡುತ್ತೆ. ಡ್ರೋನ್ ಸರ್ವೆಯೂ ಬಂದಿದೆ. ಮುಂದೆ ಚಿತ್ರ ಇನ್ನೂ ಚೆನ್ನಾಗಿ ಬರುತ್ತೆ. ಚಿತ್ರ ಚೆನ್ನಾದಷ್ಟೂ ಅದನ್ನ ಪ್ರಶ್ನೆ ಮಾಡೋದು ಕಷ್ಟ ಆಗುತ್ತೆ, ಹುಷಾರಾಗಿರಬೇಕು. ಯಾರಾದ್ರೂ ಇಂಥ ನಕ್ಷೆ ತಂದ್ರೆ ಇಷ್ಟು ಕೇಳಿ:

1. ಯಾವ ಉಪಗ್ರಹದ್ದು, ಯಾವ ವರ್ಷದ್ದು? ಚೌಕ ಎಷ್ಟು ಮೀಟರ್?
2. ನೆಲದ ಎತ್ತರವೋ, ಮರ, ಮನೆ ಸೇರಿದ ಎತ್ತರವೋ?
3. ಎತ್ತರದಲ್ಲಿ ಎಷ್ಟು ಮೀಟರ್ ಹೆಚ್ಚುಕಮ್ಮಿ?
4. ಗ್ರಾಮ ನಕ್ಷೆ, ಟಿಪ್ಪಣಿ ಜೊತೆ ತಾಳೆ ನೋಡಿದ್ದಾರಾ? ಜಾಗದಲ್ಲಿ ಲೆವೆಲ್ ಯಂತ್ರ ಇಟ್ಟು ನೋಡಿದ್ದಾರಾ?

ನಮ್ಮ ಕಡೆಯಿಂದಲೂ ಕೆಲಸ ಇದೆ. ಗ್ರಾಮ ನಕ್ಷೆಯ ಪ್ರತಿ ತೆಗೆದಿಟ್ಟುಕೊಳ್ಳಿ. ಅನುಮಾನ ಇದ್ರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ದಿಶಾಂಕ್ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರ್ ನೋಡಿಕೊಳ್ಳಿ, ಆದ್ರೆ ಅದನ್ನೇ ಕೊನೇ ಮಾತು ಅಂದುಕೊಳ್ಳಬೇಡಿ. ಜೋರು ಮಳೆ ಬಂದ ದಿನ ನೀರು ಹರಿಯೋ ಜಾಗದ ವಿಡಿಯೋ ಮಾಡಿ, ತಾರೀಖು ಕಾಣೋ ಹಾಗೆ ಇಡಿ. ನೀರಗಂಟಿ ಕೆಲಸ ಮಾಡಿದ ಹಿರಿಯರು ನಿಮ್ಮೂರಲ್ಲಿ ಇನ್ನೂ ಇದ್ರೆ ಅವರ ಜೊತೆ ಒಂದು ಸಲ ಕಾಲುವೆ ಉದ್ದಕ್ಕೂ ನಡೀರಿ, ಅವರು ಹೇಳಿದ್ದನ್ನ ಬರೆದಿಟ್ಟುಕೊಳ್ಳಿ. ಗ್ರಾಮ ನಕ್ಷೆಗೆ ಎತ್ತರ ಗೊತ್ತಿಲ್ಲ, ಉಪಗ್ರಹಕ್ಕೆ ನಮ್ಮ ಬದು ಗೊತ್ತಿಲ್ಲ. ಎರಡನ್ನೂ ಸೇರಿಸಿ ಓದೋಕೆ ಅವರು ತೋರಿಸಿದ ದಾರಿ ಬೇಕು.

ನಿಮ್ಮೂರ ಕೆರೆ ಕೋಡಿ ನೀರು ಎಲ್ಲಿಂದ ಎಲ್ಲಿಗೆ ಹೋಗ್ತಿತ್ತು, ಈಗ ಎಲ್ಲಿ ನಿಂತಿದೆ ಅಂತ ಗೊತ್ತಿರೋರು ಕೆಳಗೆ ಬರೀರಿ. ಎಲ್ಲಾ ಸೇರಿಸಿ ನಮ್ಮ ಕಡೆಯದೇ ಒಂದು ನೀರಿನ ಪಟ್ಟಿ ಮಾಡೋಣ.