ಮೇಣದಬತ್ತಿಯ ಲೆಕ್ಕ

ಬೆಳಗಿನ ನಾಲ್ಕೂವರೆಗೆ ನಮ್ಮ ಅಡುಗೆಮನೆಯಲ್ಲಿ ದೀಪ ಉರಿಯುವುದು ಈಗ ಹಾಲಿನವನಿಗೂ ಅಭ್ಯಾಸವಾಗಿದೆ. ಮೊದಮೊದಲು ಅತ್ತೆಯವರು ಎದ್ದು ಬಂದು, "ಏನೇ ಇದು, ಹೊತ್ತು ಹುಟ್ಟೋಕೆ ಮುಂಚೆ ಯಾರ ಹತ್ರ ಮಾತಾಡ್ತಿದೀಯ?" ಎಂದು ಗಾಬರಿಯಿಂದ ಕೇಳಿದ್ದರು. ಮಾತಾಡುತ್ತಿದ್ದವಳು ನಾನಲ್ಲ, ಅಮೆರಿಕದ ಒಬ್ಬ ಮೇಷ್ಟ್ರು. ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ಗಿಲ್ಬರ್ಟ್ ಸ್ಟ್ರಾಂಗ್ ಎಂಬ ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಸಮೀಕರಣ ಬರೆಯುತ್ತಿದ್ದರು. ನಾನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳ ಮೇಲೆ ಅದನ್ನೇ ಬರೆದುಕೊಳ್ಳುತ್ತಿದ್ದೆ.

ನಾನು ಬಿ.ಎ., ಬಿ.ಎಡ್. ಪಾಠ ಮಾಡುವುದು ಸಮಾಜ ವಿಜ್ಞಾನ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ 91 ಅಂಕ ಬಂದಿತ್ತು. ಆದರೆ ನಮ್ಮೂರ ಕಾಲೇಜಿನಲ್ಲಿ ಆಗ ಇದ್ದದ್ದು ಆರ್ಟ್ಸ್ ಮಾತ್ರ. ಸೈನ್ಸ್ ಬೇಕೆಂದರೆ ದಿನಾ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಿತ್ತು. ಅಪ್ಪ ಬೈಯಲಿಲ್ಲ, ಗದರಲಿಲ್ಲ. "ಹೆಣ್ಣುಮಗು ಕತ್ತಲಾದ ಮೇಲೆ ಬಸ್ಸಿಳಿಯೋದು ಬೇಡಮ್ಮ" ಎಂದರು, ಅಷ್ಟೇ. ಅಷ್ಟಕ್ಕೇ ಮುಗಿದುಹೋಯಿತು. ಜಗಳವಾಗಿದ್ದರೆ ನೆನಪಿಟ್ಟುಕೊಳ್ಳಲು ಏನಾದರೂ ಇರುತ್ತಿತ್ತು.

2020ರಲ್ಲಿ ಶಾಲೆ ಬಾಗಿಲು ಹಾಕಿ ಎಲ್ಲರೂ ಮನೆ ಹಿಡಿದು ಕೂತಿದ್ದಾಗ, ಎಂಜಿನಿಯರಿಂಗ್ ಓದುತ್ತಿದ್ದ ಮಗಳು ಈ ಪಾಠಗಳನ್ನು ನೋಡುತ್ತಿದ್ದಳು. ನಾನು ಹುಣಸೆಹಣ್ಣು ಬಿಡಿಸುತ್ತ ಹಿಂದೆ ಕೂತಿದ್ದೆ. ಹಲಗೆಯ ಮೇಲಿದ್ದುದು ಎರಡೇ ಸಮೀಕರಣ: ಎರಡು ಎಕ್ಸ್‌ನಿಂದ ಒಂದು ವೈ ಕಳೆದರೆ ಸೊನ್ನೆ, ಎರಡು ವೈಯಿಂದ ಒಂದು ಎಕ್ಸ್ ಕಳೆದರೆ ಮೂರು. ಎಕ್ಸ್ ಒಂದು, ವೈ ಎರಡು ಎಂದು ನಾನು ಬಾಯಲ್ಲೇ ಹೇಳಿದೆ. ಮಗಳು ತಿರುಗಿ ನೋಡಿದಳು. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದೇ. ಒಂದೊಂದು ಸಮೀಕರಣವೂ ಒಂದೊಂದು ಗೆರೆ, ಗೆರೆಗಳು ಕೂಡುವ ಜಾಗವೇ ಉತ್ತರ. ಆದರೆ ಆ ಮೇಷ್ಟ್ರು ಅಲ್ಲಿಗೆ ಬಿಡದೆ, ಅದೇ ಅಂಕಿಗಳನ್ನು ಅಡ್ಡಸಾಲಿನ ಬದಲು ಉದ್ದಸಾಲಿನಲ್ಲಿ ಓದಿಸಿದರು. ಎಕ್ಸ್‌ನ ಕೆಳಗಿನ ಅಂಕಿಗಳು ಒಂದು ಬಾಣ, ವೈಯ ಕೆಳಗಿನವು ಇನ್ನೊಂದು ಬಾಣ. ಮೊದಲನೆಯದು ಒಂದು ಸಲ, ಎರಡನೆಯದು ಎರಡು ಸಲ ಇಟ್ಟರೆ ಗುರಿ ಮುಟ್ಟುತ್ತೇವೆ. ಮೂವತ್ತೈದು ವರ್ಷದಿಂದ ಗೊತ್ತಿದ್ದ ಲೆಕ್ಕಕ್ಕೆ ಇನ್ನೊಂದು ಮುಖವಿತ್ತು! ಹುಣಸೆಹಣ್ಣು ಹಾಗೇ ಉಳಿಯಿತು.

ಇದು ಎಂ.ಐ.ಟಿ.ಯ ಪಾಠ, ಮಣಿಪಾಲದ್ದಲ್ಲ, ಅಮೆರಿಕದ ಮೆಸಾಚುಸೆಟ್ಸಿನದು. ತನ್ನ ಪಾಠಗಳನ್ನೆಲ್ಲ ಜಗತ್ತಿಗೆ ಉಚಿತವಾಗಿ ಕೊಡುತ್ತೇನೆಂದು ಆ ಸಂಸ್ಥೆ 2001ರಲ್ಲಿ ಸಾರಿತು. ಮರುವರ್ಷ 50 ವಿಷಯಗಳೊಂದಿಗೆ ಶುರುಮಾಡಿತು. ನಾನು ನೋಡುವ ಪಾಠಗಳನ್ನು ಚಿತ್ರೀಕರಿಸಿದ್ದು 1999ರಲ್ಲಿ. ಸ್ಟ್ರಾಂಗ್ ಅವರು 2023ರಲ್ಲಿ, 88ನೆಯ ವಯಸ್ಸಿನಲ್ಲಿ ನಿವೃತ್ತರಾದರು. ನಮ್ಮಲ್ಲೂ ಏಳು ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಿಂದ ಇಂಥದೇ ಕೆಲಸ ಮಾಡುತ್ತ ಬಂದಿವೆ.

ಉಚಿತ ಪಾಠ ಈ ಕಾಲದ ಪವಾಡವೆಂದು ಮಗಳು ಹೇಳಿದಾಗ ನನ್ನೊಳಗಿನ ಇತಿಹಾಸದ ಟೀಚರ್ ಸುಮ್ಮನಿರಲಿಲ್ಲ. ಗಂಡಸರಿಗಾಗಿ ಬರೆದಿಟ್ಟ ಪಾಠವನ್ನು ಮನೆಯಲ್ಲೇ ಕೂತು ಓದಿದ ಹೆಂಗಸರು ಇನ್ನೂರು ವರ್ಷದ ಹಿಂದೆಯೇ ಇದ್ದರು.

ಪ್ಯಾರಿಸ್ಸಿನ ಸೋಫಿ ಜರ್ಮೇನ್ ಹುಟ್ಟಿದ್ದು 1776ರಲ್ಲಿ. ಹೊರಗೆ ಫ್ರಾನ್ಸಿನ ಕ್ರಾಂತಿ ನಡೆದಿದ್ದಾಗ ಹದಿಮೂರರ ಹುಡುಗಿ ಅಪ್ಪನ ಪುಸ್ತಕದ ಕೋಣೆಯಲ್ಲಿ ಆರ್ಕಿಮಿಡೀಸನ ಕತೆ ಓದಿದಳು. ರೇಖಾಗಣಿತದಲ್ಲಿ ಮುಳುಗಿ, ಎದುರಿಗೆ ನಿಂತ ರೋಮನ್ ಸೈನಿಕನನ್ನೂ ಗಮನಿಸದೆ ಅವನು ಕೊಲೆಯಾದ ಕತೆ. ಪ್ರಾಣವನ್ನೇ ಮರೆಸುವ ಆ ವಿದ್ಯೆ ಏನಿರಬಹುದೆಂದು ಅವಳು ಗಣಿತಕ್ಕೆ ಕೈಹಾಕಿದಳು. ರಾತ್ರಿ ಓದದಿರಲಿ ಎಂದು ತಂದೆತಾಯಿ ಅವಳ ಕೋಣೆಯ ಮೇಣದಬತ್ತಿ, ಬೆಂಕಿ, ಬೆಚ್ಚನೆಯ ಉಡುಪು ಎಲ್ಲವನ್ನೂ ತೆಗೆಸಿದರಂತೆ. ಅವಳು ಬತ್ತಿಗಳನ್ನು ಬಚ್ಚಿಟ್ಟುಕೊಂಡು, ಕಂಬಳಿ ಸುತ್ತಿಕೊಂಡು, ಶಾಯಿ ಹೆಪ್ಪುಗಟ್ಟುವ ಚಳಿಯಲ್ಲಿ ಓದಿದಳಂತೆ.

1794ರಲ್ಲಿ ಅದೇ ಊರಿನಲ್ಲಿ ಎಕೋಲ್ ಪಾಲಿಟೆಕ್ನೀಕ್ ಎಂಬ ದೊಡ್ಡ ವಿದ್ಯಾಸಂಸ್ಥೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ (ಅದು ಸಿಕ್ಕಿದ್ದು 1972ರಲ್ಲಿ). ಆದರೆ ಪಾಠದ ಟಿಪ್ಪಣಿಗಳನ್ನು ಹೊರಗಿನವರೂ ಪಡೆಯಬಹುದಿತ್ತು. ಸೋಫಿ ಅವನ್ನು ತರಿಸಿಕೊಂಡಳು, ಓದಿದಳು, ತನ್ನ ಉತ್ತರಗಳನ್ನು ಲ ಬ್ಲಾಂಕ್ ಎಂಬ ವಿದ್ಯಾರ್ಥಿಯ ಹೆಸರಿನಲ್ಲಿ ಮಹಾಗಣಿತಜ್ಞ ಲಗ್ರಾಂಜ್‌ಗೆ ಕಳಿಸಿದಳು. ಈ ಲ ಬ್ಲಾಂಕ್ ಯಾರೆಂದು ಹುಡುಕಿದ ಲಗ್ರಾಂಜ್, ಹುಡುಗಿಯನ್ನು ಕಂಡ ಮೇಲೂ ಬೆನ್ನು ತಿರುಗಿಸಲಿಲ್ಲ. ಮುಂದೆ ಅದೇ ಹೆಸರಿನಲ್ಲಿ ಅವಳು ಜರ್ಮನಿಯ ಗೌಸ್‌ಗೂ ಬರೆಯತೊಡಗಿದಳು. ಗೌಸ್ ಇದ್ದ ಊರನ್ನು ಫ್ರೆಂಚ್ ಸೈನ್ಯ ಹಿಡಿದಾಗ ಇವಳಿಗೆ ಮತ್ತೆ ಆರ್ಕಿಮಿಡೀಸ್ ನೆನಪಾಗಿರಬೇಕು. ಪರಿಚಯದ ಸೇನಾಧಿಕಾರಿಗೆ ಹೇಳಿ ಅವರ ಕ್ಷೇಮ ವಿಚಾರಿಸಿದಳು. ಸೋಫಿ ಜರ್ಮೇನ್ ಎಂಬ ಹೆಂಗಸು ತನಗೆ ಗೊತ್ತೇ ಇಲ್ಲವಲ್ಲ ಎಂದು ಗೌಸ್ ಬೆರಗಾದರು. 1807ರಲ್ಲಿ ಅವಳೇ ನಿಜ ತಿಳಿಸಬೇಕಾಯಿತು.

ಸ್ಕಾಟ್ಲೆಂಡಿನ ಮೇರಿ ಸೋಮರ್‌ವಿಲ್ ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಈಕೆ ಬೀಜಗಣಿತವನ್ನು ಮೊದಲು ಕಂಡದ್ದೆಲ್ಲಿ ಅಂತೀರಿ? ಹೆಂಗಸರ ಪತ್ರಿಕೆಯಲ್ಲಿ! ಕಸೂತಿಯ ಮಾದರಿ ತೋರಿಸಲು ಗೆಳತಿ ತೆರೆದ ಪತ್ರಿಕೆಯ ಒಂದು ಪುಟದಲ್ಲಿ ಒಗಟಿನಂಥ ಲೆಕ್ಕವಿತ್ತು, ನಡುನಡುವೆ ಎಕ್ಸ್, ವೈಗಳಿದ್ದವು. ಇದೇನೆಂದು ಹೇಳುವವರು ಸುತ್ತಮುತ್ತ ಯಾರೂ ಇರಲಿಲ್ಲ. ಚಿತ್ರಕಲೆಯ ಗುರುಗಳು ಇನ್ನಾರಿಗೋ ಯೂಕ್ಲಿಡ್ ಓದಿ ಎನ್ನುತ್ತಿದ್ದುದು ಕಿವಿಗೆ ಬಿತ್ತು. ಹುಡುಗಿ ತಾನೇ ಅಂಗಡಿಗೆ ಹೋಗಿ ಅಂಥ ಪುಸ್ತಕ ಕೇಳುವ ಹಾಗಿಲ್ಲ. ತಮ್ಮನ ಮನೆಪಾಠದ ಮೇಷ್ಟ್ರ ಕೈಯಲ್ಲಿ ತರಿಸಿಕೊಂಡಳು. ಮನೆಯಲ್ಲಿ ಮೇಣದಬತ್ತಿ ಬೇಗ ಬೇಗ ಮುಗಿಯುತ್ತಿದೆ ಎಂದು ಕೆಲಸದವರು ದೂರಿದರು. ಹುಡುಗಿ ಮಲಗಿದ ಕೂಡಲೇ ಬತ್ತಿ ತೆಗೆದುಕೊಂಡು ಬರಬೇಕೆಂದು ಅಪ್ಪಣೆಯಾಯಿತು. ಅಷ್ಟರಲ್ಲಿ ಅವಳು ಯೂಕ್ಲಿಡನ ಮೊದಲ ಆರು ಭಾಗ ಮುಗಿಸಿದ್ದಳು. ಕತ್ತಲೆಯಲ್ಲಿ ಮಲಗಿ, ಒಂದೊಂದೇ ಪ್ರಮೇಯವನ್ನು ಮನಸ್ಸಿನಲ್ಲೇ ಬಿಡಿಸುತ್ತ ಹೋದಳು.

1804ರಲ್ಲಿ ಮದುವೆ. ಆ ಗಂಡನಿಗೆ ಹೆಂಗಸರ ಬುದ್ಧಿಯ ಬಗ್ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. 1807ರಲ್ಲಿ ಅವನು ತೀರಿಕೊಂಡ. ಎರಡು ಗಂಡುಮಕ್ಕಳೊಂದಿಗೆ ಅವಳು ತವರಿಗೆ ಮರಳಿದಳು. ವೈಧವ್ಯದಿಂದ ಓದಿಗೆ ಅನುಕೂಲವಾಯಿತು ಎಂದು ಬರೆಯಲು ನನ್ನ ಕೈ ಹಿಂಜರಿಯುತ್ತದೆ, ಆದರೆ ಸಂಗತಿ ಅದೇ. ಸ್ವಂತ ಹಣ, ಸ್ವಂತ ಹೊತ್ತು ಎರಡೂ ಸಿಕ್ಕಿದ್ದು ಆಗ. 1811ರಲ್ಲಿ ಗಣಿತ ಪತ್ರಿಕೆಯೊಂದರ ಸಮಸ್ಯೆ ಬಿಡಿಸಿ ಬೆಳ್ಳಿ ಪದಕ ಪಡೆದಳು. ವಿಲಿಯಂ ವಾಲೆಸ್ ಎಂಬ ಗಣಿತದ ಅಧ್ಯಾಪಕರು ಯಾವ ಯಾವ ಪುಸ್ತಕ ಓದಬೇಕೆಂದು ಪಟ್ಟಿ ಬರೆದುಕೊಟ್ಟರು. ಪುಸ್ತಕಗಳನ್ನು ಕೊಂಡು ಜೋಡಿಸಿಕೊಂಡಾಗ ಅವಳ ವಯಸ್ಸು ಸುಮಾರು 33. ಎರಡನೆಯ ಗಂಡ, ವೈದ್ಯ, ಅವಳ ಓದಿಗೆ ಬೆನ್ನೆಲುಬಾದ. ಲಾಪ್ಲಾಸನ ಖಗೋಳಗಣಿತವನ್ನು ಇಂಗ್ಲಿಷಿಗೆ ತಂದು ವಿವರಿಸಿದ ಅವಳ ಗ್ರಂಥ 1831ರಲ್ಲಿ ಅಚ್ಚಾಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯ ಅದನ್ನು ಪಠ್ಯವಾಗಿ ಬಳಸಿಕೊಂಡಿತು. ಅದೇ ಕೇಂಬ್ರಿಜ್ ಹೆಂಗಸರಿಗೆ ಪದವಿ ಕೊಟ್ಟದ್ದು 1948ರಲ್ಲಿ! ಆ ಗ್ರಂಥ ಬರೆಯುವಾಗ ಬಾಗಿಲ ಗಂಟೆ ಬಾರಿಸಿದರೆ ಮೇರಿ ಹಾಳೆಗಳನ್ನು ಬಚ್ಚಿಡುತ್ತಿದ್ದಳು. ಇದನ್ನೋದಿ ನಾನು ನಕ್ಕೆ. ಪಕ್ಕದ ಮನೆಯವರು ಬಂದರೆ ನನ್ನ ನೋಟ್‌ಬುಕ್ ಸೇರುವುದು ಅಕ್ಕಿ ಡಬ್ಬದ ಹಿಂದಕ್ಕೆ.

ಪ್ರತಿಭೆಯನ್ನು ಯಾರೂ ತಡೆಯಲಾರರು ಎಂದು ಇಂಥ ಕತೆಗಳ ಕೊನೆಗೆ ಹೇಳುವ ವಾಡಿಕೆ ಇದೆ. ನನಗೆ ಒಪ್ಪಿಗೆಯಿಲ್ಲ. ಬತ್ತಿ ಕಸಿದುಕೊಂಡದ್ದು ಎಷ್ಟು ಮನೆಗಳಲ್ಲೋ, ನಮಗೆ ಹೆಸರು ಗೊತ್ತಿರುವುದು ಕೆಲವರದು ಮಾತ್ರ. ಸೋಫಿಗೂ ಪೂರ್ತಿ ನ್ಯಾಯ ಸಿಗಲಿಲ್ಲ. ಕಂಪಿಸುವ ತಗಡಿನ ಮೇಲೆ ಮರಳು ಚಿತ್ತಾರವಾಗಿ ಕೂರುವುದೇಕೆ ಎಂಬುದಕ್ಕೆ ಗಣಿತ ಕಟ್ಟಬೇಕೆಂದು ಫ್ರೆಂಚ್ ಅಕಾಡೆಮಿ ಸ್ಪರ್ಧೆ ಸಾರಿತು. 1811ರಲ್ಲಿ ಉತ್ತರ ಕಳಿಸಿದವಳು ಅವಳೊಬ್ಬಳೇ, ಆದರೆ ಲೆಕ್ಕದಲ್ಲಿ ತಪ್ಪಿತ್ತು. ಸರಿಯಾದ ಸಮೀಕರಣ ತೋರಿಸಿದವರು ಲಗ್ರಾಂಜ್. ಎರಡನೆಯ ಸಲ ಮೆಚ್ಚುಗೆ ಮಾತ್ರ. 1816ರಲ್ಲಿ, ಮೂರನೆಯ ಪ್ರಯತ್ನಕ್ಕೆ ಬಹುಮಾನ ಬಂತು. ಪಡೆಯಲು ಅವಳು ಹೋಗಲೇ ಇಲ್ಲ. ತರಗತಿಯಲ್ಲಿ ಕೂತಿದ್ದರೆ ಆ ತಪ್ಪನ್ನು ಪಕ್ಕದ ಬೆಂಚಿನ ಹುಡುಗ ಅಂದೇ ತೋರಿಸುತ್ತಿದ್ದನೇನೋ.

ಹೀಗನ್ನಿಸಲು ಕಾರಣವಿದೆ. ಶಾಲೆ ಮತ್ತೆ ತೆರೆದಾಗ ನನ್ನ ಗಣಿತ ನಿಂತುಹೋಗಿತ್ತು. ಹೋದ ವರ್ಷ ಪುನಃ ಹಿಡಿದೆ. ಪಾಠ ಕೇಳುವಾಗ ಎಲ್ಲವೂ ತಿಳಿದಂತೆ ತಲೆಯಾಡಿಸುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ನೋಟ್‌ಬುಕ್ಕನ್ನು ನಮ್ಮ ಶಾಲೆಯ ಗಣಿತದ ಟೀಚರ್ ಮುಂದಿಟ್ಟೆ. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳು, ಅಷ್ಟೇ. ನಾಲ್ಕು ಪುಟ ತಿರುವಿ, "ಮೇಡಂ, ಎರಡು ಮ್ಯಾಟ್ರಿಕ್ಸ್ ಗುಣಿಸುವಾಗ ಎಲ್ಲಾ ಕಡೆ ಹಿಂದಿನದನ್ನ ಮುಂದೆ ಹಾಕಿದೀರಲ್ಲ?" ಎಂದಳು. ಮೂರ್ನಾಲ್ಕಲಿ ಹನ್ನೆರಡು, ನಾಲ್ಮೂರಲಿ ಹನ್ನೆರಡು, ಅದಕ್ಕೇನಾಯ್ತು ಎಂದೆ. ಅವಳು ನಕ್ಕಳು. "ಹಾಲಿಗೆ ಹೆಪ್ಪು ಹಾಕಿ ಆಮೇಲೆ ಕಾಯಿಸಿದ್ರೆ ಮೊಸರಾಗುತ್ತಾ ಮೇಡಂ? ಇದೂ ಹಾಗೇ." ಎರಡು ತಿಂಗಳ ಲೆಕ್ಕವೆಲ್ಲ ತಪ್ಪು. ಮೊಬೈಲಿನೊಳಗಿನ ಮೇಷ್ಟ್ರು ಎಷ್ಟು ಒಳ್ಳೆಯವರಾದರೂ ನನ್ನ ಪುಸ್ತಕ ನೋಡಲಾರರಲ್ಲ.

ಅಂದಿನಿಂದ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವಳ ಮುಂದೆ ಕೂರುತ್ತೇನೆ. ಸ್ಟಾಫ್‌ರೂಮಿನಲ್ಲಿ ಒಬ್ಬಿಬ್ಬರು, ರಿಟೈರಾಗೋ ವಯಸ್ಸಲ್ಲಿ ಯಾವ ಪರೀಕ್ಷೆಗೆ ಮೇಡಂ ಎಂದು ಕೇಳುತ್ತಾರೆ. ನಮ್ಮ ಯಜಮಾನರು ಏನೂ ಕೇಳುವುದಿಲ್ಲ. ಆರು ಗಂಟೆಗೆ ಕಾಫಿ ತಾವೇ ಮಾಡಿಕೊಳ್ಳುತ್ತಾರೆ, ನನಗೂ ಒಂದು ಲೋಟ ಇಡುತ್ತಾರೆ. ಈಗ 21ನೆಯ ಪಾಠದಲ್ಲಿದ್ದೇನೆ. ಹೋದ ಶನಿವಾರ ಮರಳಿ ಬಂದ ಪುಸ್ತಕದಲ್ಲಿ ಏಳು ಲೆಕ್ಕಕ್ಕೆ ಸರಿ ಗುರುತು ಬಿದ್ದಿದೆ. ಎಂಟನೆಯದರ ಪಕ್ಕದಲ್ಲಿ, ನಾನು ಮಕ್ಕಳಿಗೆ ಬರೆಯುವ ಹಾಗೆಯೇ, ಕೆಂಪು ಶಾಯಿಯಲ್ಲಿ 'ಮತ್ತೊಮ್ಮೆ ಮಾಡಿ' ಎಂದಿದೆ. ಇನ್ನೂ ಮಾಡಿಲ್ಲ, ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಹಾಗೇ ಬಿದ್ದಿದೆ.