ಬಂದೂಕು ಕೆಳಗಿಟ್ಟ ಮೇಲೆ ಉಳಿದ ಪ್ರಶ್ನೆ

2025ರ ಜನವರಿ 8ರಂದು ಬೆಂಗಳೂರಿನಲ್ಲಿ, ಮುಖ್ಯಮಂತ್ರಿಗಳ ಗೃಹ ಕಚೇರಿಯಲ್ಲಿ ಆರು ಮಂದಿ ನಕ್ಸಲೀಯರು ಸರ್ಕಾರಕ್ಕೆ ಶರಣಾದರು. ಅವರಲ್ಲಿ ನಾಲ್ವರು ಮಹಿಳೆಯರು. ಮಲೆನಾಡಿನ ಹಳ್ಳಿಗಳಿಂದ ಕಾಡು ಸೇರಿದವರೊಂದಿಗೆ ರಾಯಚೂರು, ಕೇರಳ ಮತ್ತು ತಮಿಳುನಾಡಿನಿಂದ ಬಂದವರೂ ಆ ಗುಂಪಿನಲ್ಲಿದ್ದರು. ಇದಕ್ಕೆ ಏಳು ವಾರ ಮೊದಲು, 2024ರ ನವೆಂಬರ್ 18ರಂದು, ಅವರ ನಾಯಕರಲ್ಲೊಬ್ಬನಾದ ವಿಕ್ರಂ ಗೌಡ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯ ಬಳಿ ಪೊಲೀಸರ ಗುಂಡಿಗೆ ಬಲಿಯಾಗಿದ್ದ. ಎರಡು ದಶಕಕ್ಕೂ ಹೆಚ್ಚು ಕಾಲ ಪಶ್ಚಿಮ ಘಟ್ಟದಲ್ಲಿ ನಡೆದ ಸಶಸ್ತ್ರ ಹೋರಾಟಕ್ಕೆ ಹೀಗೆ ತೆರೆ ಬಿತ್ತು.

ಸಮಾಜವಾದಿ ಕ್ರಾಂತಿಯ ಹೆಸರಿನ ಹೋರಾಟಗಳಿಗೆ ಜನಬೆಂಬಲ ಹೆಚ್ಚುತ್ತಿದೆಯೇ, ಕುಗ್ಗುತ್ತಿದೆಯೇ ಎಂಬುದು ಹಳೆಯ ಚರ್ಚೆ. ಹೋರಾಟಗಾರರ ಕರಪತ್ರಗಳನ್ನು ಓದಿದರೆ ಬೆಂಬಲ ಸದಾ ಏರುತ್ತಲೇ ಇರುತ್ತದೆ. ಪೊಲೀಸ್ ಪ್ರಕಟಣೆಗಳನ್ನು ಓದಿದರೆ ಅಂಥ ಬೆಂಬಲ ಎಂದೂ ಇರಲೇ ಇಲ್ಲವೇನೋ ಅನ್ನಿಸುತ್ತದೆ. ಇತಿಹಾಸ ಹೇಳುವುದು ಇವೆರಡಕ್ಕಿಂತ ಭಿನ್ನವಾದ ಮಾತು. ಅದನ್ನು ತಿಳಿಯಬೇಕಾದರೆ ಮೊದಲು ‘ಬೆಂಬಲ’ ಎಂದರೇನು ಎಂಬುದನ್ನು ಬಿಡಿಸಿ ನೋಡಬೇಕು. ರಾತ್ರಿ ಬಾಗಿಲು ತಟ್ಟಿದವನಿಗೆ ಅನ್ನ ಹಾಕುವುದು ಬೆಂಬಲವೇ, ಭಯವೇ? ಭೂಮಿ ಕೊಡಿಸಿದವನ ಹಿಂದೆ ಹೋಗುವ ರೈತ ಕ್ರಾಂತಿಗೆ ಒಪ್ಪಿದ್ದಾನೆಯೇ, ಭೂಮಿಗೆ ಮಾತ್ರ ಒಪ್ಪಿದ್ದಾನೆಯೇ?

ತೆಲಂಗಾಣದ ಪಾಠ

ಈ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ತೆಲಂಗಾಣದಲ್ಲಿ. ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ ಜಾಗೀರದಾರರು ಮತ್ತು ದೇಶಮುಖರ ಕೈಯಲ್ಲಿ ಸಾವಿರಾರು ಎಕರೆ ಭೂಮಿ ಇತ್ತು. ಊರಿನ ಬಡವರು ಅವರ ಮನೆಗಳಲ್ಲಿ ಬಿಟ್ಟಿ ಚಾಕರಿ ಮಾಡಬೇಕಿತ್ತು. ಕನ್ನಡದ ಬೀದರ್, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳೂ ಆಗ ಇದೇ ಸಂಸ್ಥಾನದ ಭಾಗವಾಗಿದ್ದವು. 1946ರಲ್ಲಿ ನಲ್ಗೊಂಡ ಮತ್ತು ವಾರಂಗಲ್ ಜಿಲ್ಲೆಗಳಲ್ಲಿ ಕಮ್ಯುನಿಸ್ಟರ ನೇತೃತ್ವದಲ್ಲಿ ರೈತರು ಆಯುಧ ಹಿಡಿದರು. ಸುಮಾರು 3,000 ಹಳ್ಳಿಗಳಲ್ಲಿ 10 ಲಕ್ಷ ಎಕರೆ ಭೂಮಿಯನ್ನು ಹಂಚಲಾಯಿತೆಂದು ಪಕ್ಷದ ನಾಯಕ ಪಿ. ಸುಂದರಯ್ಯ ಬರೆದಿದ್ದಾರೆ.

1948ರಲ್ಲಿ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳ್ವಿಕೆ ಮುಗಿಯಿತು. ಆದರೂ ಕಾಡಿನಲ್ಲಿ ಹೋರಾಟ ಮುಂದುವರಿಯಿತು. 1951ರ ಅಕ್ಟೋಬರಿನಲ್ಲಿ ಪಕ್ಷ ಅದನ್ನು ಹಿಂದಕ್ಕೆ ಪಡೆಯಿತು. ಮರುವರ್ಷದ ಮಹಾಚುನಾವಣೆಯಲ್ಲಿ ನಡೆದದ್ದು ಸ್ವಾರಸ್ಯಕರ. ನಲ್ಗೊಂಡ ಕ್ಷೇತ್ರದಿಂದ ಸ್ಪರ್ಧಿಸಿದ ಹೋರಾಟದ ನಾಯಕ ರಾವಿ ನಾರಾಯಣ ರೆಡ್ಡಿ, ದೇಶದಲ್ಲೇ ಅತ್ಯಂತ ಹೆಚ್ಚು ಮತ ಪಡೆದು ಲೋಕಸಭೆಗೆ ಆಯ್ಕೆಯಾದರು. ಪ್ರಧಾನಿ ನೆಹರೂ ಅವರಿಗೆ ಬಂದ ಮತಗಳೂ ಅಷ್ಟಿರಲಿಲ್ಲ. ಜನರ ಬೆಂಬಲ ನಿಜವಾಗಿತ್ತು ಎಂಬುದಕ್ಕೆ ಮತಪೆಟ್ಟಿಗೆಯೇ ಸಾಕ್ಷಿ ಹೇಳಿತು. ಆದರೆ ಆ ಬೆಂಬಲ ಬಂದೂಕಿಗೆ ಅಂಟಿಕೊಂಡಿರಲಿಲ್ಲ. ಬಂದೂಕು ಇಳಿಸಿದ ಮೇಲೆ ಅದು ಕುಗ್ಗಲಿಲ್ಲ.

ನಕ್ಸಲ್‌ಬಾರಿಯ ಎರಡು ದಾರಿ

ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲೆಯ ನಕ್ಸಲ್‌ಬಾರಿಯಲ್ಲಿ 1967ರಲ್ಲಿ ಎದ್ದ ದಂಗೆಯ ಮೂಲದಲ್ಲಿಯೂ ಪಾಲುಗಾರಿಕೆ ರೈತರ ಸಂಕಟವಿತ್ತು. ಮೇ 24ರಂದು ಒಬ್ಬ ಪೊಲೀಸ್ ಅಧಿಕಾರಿ ಬಾಣಕ್ಕೆ ಬಲಿಯಾದರು. ಮರುದಿನ ಪೊಲೀಸರು ನಡೆಸಿದ ಗೋಲಿಬಾರಿನಲ್ಲಿ ಹನ್ನೊಂದು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಅದೇ ಬೇಸಿಗೆಯಲ್ಲಿ ಚೀನಾದ ಪಕ್ಷದ ಪತ್ರಿಕೆ ಇದನ್ನು ವಸಂತದ ಗುಡುಗು ಎಂದು ಕೊಂಡಾಡಿತು. ಕೆಲವೇ ತಿಂಗಳಲ್ಲಿ ದಂಗೆ ಅಡಗಿತು. ಹೆಸರು ಮಾತ್ರ ಉಳಿಯಿತು.

ಮುಂದೆ ಈ ಕಥೆ ಎರಡು ದಾರಿ ಹಿಡಿಯಿತು. ಚಾರು ಮಜುಂದಾರ್ ನಾಯಕತ್ವದಲ್ಲಿ 1969ರಲ್ಲಿ ಹುಟ್ಟಿದ ಹೊಸ ಪಕ್ಷ ‘ವರ್ಗಶತ್ರು’ಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವ ದಾರಿ ತುಳಿಯಿತು. ಕಲ್ಕತ್ತೆಯ ಕಾಲೇಜುಗಳ ನೂರಾರು ತರುಣರು ಓದು ಬಿಟ್ಟು ಹೊರಟರು. 1972ರ ಜುಲೈಯಲ್ಲಿ ಮಜುಂದಾರ್ ಪೊಲೀಸರ ವಶದಲ್ಲಿದ್ದಾಗಲೇ ತೀರಿಕೊಂಡರು. ಅಷ್ಟರಲ್ಲಿ ಪಕ್ಷ ಒಡೆದು ಚೂರಾಗಿತ್ತು. ನಕ್ಸಲ್‌ಬಾರಿಯ ರೈತರನ್ನು ಸಂಘಟಿಸಿದ್ದ ಕಾನು ಸನ್ಯಾಲರೇ ಮುಂದೆ ಈ ಕೊಲೆಯ ದಾರಿಯನ್ನು ತಪ್ಪೆಂದು ಖಂಡಿಸಿದರು.

ಇನ್ನೊಂದು ದಾರಿ ಕಾನೂನಿನದು. 1977ರಲ್ಲಿ ಅಧಿಕಾರಕ್ಕೆ ಬಂದ ಎಡರಂಗ ಸರ್ಕಾರ ಮರುವರ್ಷ ‘ಆಪರೇಷನ್ ಬರ್ಗಾ’ ಆರಂಭಿಸಿತು. ಅಧಿಕಾರಿಗಳು ಹಳ್ಳಿಗೇ ಹೋಗಿ ಪಾಲುಗಾರರ ಹೆಸರನ್ನು ದಾಖಲೆಗೆ ಸೇರಿಸಿದರು. ಹೀಗೆ ದಾಖಲಾದವರು 14 ಲಕ್ಷಕ್ಕೂ ಹೆಚ್ಚು. ಅವರನ್ನು ಒಕ್ಕಲೆಬ್ಬಿಸುವುದು ಸುಲಭವಾಗಿ ಉಳಿಯಲಿಲ್ಲ. ಎಡರಂಗ 34 ವರ್ಷ ಆಳಿತು. ಉಳುವ ನೆಲದ ಭರವಸೆ ಸಿಕ್ಕವನಿಗೆ ಬಿಲ್ಲುಬಾಣದ ಅಗತ್ಯ ಬೀಳಲಿಲ್ಲ.

ಮಲೆನಾಡಿನ ಕೊಳಗ

ಕರ್ನಾಟಕದ ಅನುಭವವೂ ಇದೇ ತೆರನಾದದ್ದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲ. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿ ಯಾರೂ ಬಂದೂಕು ಹಿಡಿಯಲಿಲ್ಲ. ಫಲ ಕೈಗೆ ಬರಲು ಎರಡು ದಶಕ ಹಿಡಿದರೂ ಅದು ಬಂದದ್ದು ನಿಜ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಲಕ್ಷಾಂತರ ಗೇಣಿದಾರರು ತಾವು ಉಳುವ ಜಮೀನಿಗೆ ಒಡೆಯರಾದರು.

ಹಾಗಿದ್ದ ಮೇಲೆ ಮಲೆನಾಡಿಗೆ ನಕ್ಸಲೀಯರು ಬಂದದ್ದೇಕೆ? ಗೇಣಿ ಭೂಮಿಯ ಕಾನೂನು ಕಾಡಿನಂಚಿನವರನ್ನು ಮುಟ್ಟಿರಲಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲಿ ಘೋಷಣೆಯಾದ ಮೇಲೆ ಅದರೊಳಗಿನ ಮಲೆಕುಡಿಯರು, ಗೌಡ್ಲು ಮತ್ತಿತರ ಸಮುದಾಯಗಳಿಗೆ ಒಕ್ಕಲೇಳಬೇಕಾದೀತೆಂಬ ಆತಂಕ ಹತ್ತಿತು. ಅದೇ ಬೆಟ್ಟದಲ್ಲಿ ಅದಿರು ತೆಗೆಯುವ ಗಣಿ 2005ರ ಕೊನೆಯವರೆಗೂ ನಡೆಯಿತು. ಯಂತ್ರಗಳಿಗೆ ಜಾಗವಿರುವ ಕಾಡಿನಲ್ಲಿ ತಮಗೇಕೆ ಜಾಗವಿಲ್ಲ ಎಂಬುದು ಅಲ್ಲಿನವರ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯ ಬೆನ್ನು ಹಿಡಿದು ಸಶಸ್ತ್ರ ದಳಗಳು ಬಂದವು.

2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರುವರಿ 6ರಂದು ಕೊಪ್ಪ ತಾಲ್ಲೂಕಿನಲ್ಲಿ ಸಾಕೇತ್ ರಾಜನ್ ಹತರಾದರು. ಮೈಸೂರಿನವರಾದ ಅವರು ಪತ್ರಿಕೋದ್ಯಮ ಓದಿದ್ದರು. ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಜನರ ಚರಿತ್ರೆ ಬರೆದಿದ್ದರು. ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿದ್ದ ಮೀಸಲು ಪೊಲೀಸ್ ಶಿಬಿರದ ಮೇಲೆ ದಾಳಿ ನಡೆಯಿತು. ಪೊಲೀಸರು ಪ್ರಾಣ ತೆತ್ತರು. ಸೇಡಿಗೆ ಸೇಡು ಬೆಳೆದಂತೆ ಹಳ್ಳಿಗರು ಇಕ್ಕಟ್ಟಿಗೆ ಸಿಕ್ಕಿದರು. ಅನ್ನ ಹಾಕಿದರೆ ಪೊಲೀಸರ ವಿಚಾರಣೆ, ಪೊಲೀಸರೊಂದಿಗೆ ಮಾತನಾಡಿದರೆ ಮಾಹಿತಿದಾರನೆಂಬ ಪಟ್ಟ. ಆ ಪಟ್ಟ ಹೊತ್ತ ಹಳ್ಳಿಗರನ್ನು ನಕ್ಸಲೀಯರು ಕೊಂದಾಗ, ಇದ್ದ ಸಹಾನುಭೂತಿಯೂ ಸೋರಿಹೋಯಿತು. ಬಲಿಯಾದವರಲ್ಲಿ ಕೂಲಿನಾಲಿ ಮಾಡುವ, ಕಾಡಿನಂಚಿನಲ್ಲಿ ಬದುಕುವ ಬಡವರೂ ಇದ್ದರು. ಇಲ್ಲಿನ ದಳಗಳು ಎಂದೂ ದೊಡ್ಡದಾಗಿ ಬೆಳೆಯಲಿಲ್ಲ.

ಬಸ್ತಾರಿನ ಏರಿಳಿತ

ಬಸ್ತಾರಿನಲ್ಲಿ ಬೆಳೆದವು. 1980ರ ದಶಕದಲ್ಲಿ ಆಂಧ್ರದಿಂದ ದಂಡಕಾರಣ್ಯಕ್ಕೆ ಹೋದ ಪೀಪಲ್ಸ್ ವಾರ್ ದಳಗಳು ಬೀಡಿ ಎಲೆಗೆ ಹೆಚ್ಚಿನ ದರ ಕೊಡಿಸಿದವು. ಅರಣ್ಯ ಸಿಬ್ಬಂದಿಯ ಕಿರುಕುಳ ತಡೆದವು. ಸರ್ಕಾರದ ಶಾಲೆ, ಆಸ್ಪತ್ರೆ ಕಾಣದ ಊರುಗಳಲ್ಲಿ ಇದು ಸಣ್ಣ ಮಾತಲ್ಲ. 2004ರ ಸೆಪ್ಟೆಂಬರಿನಲ್ಲಿ ಎರಡು ಪ್ರಮುಖ ಗುಂಪುಗಳು ಸೇರಿ ಮಾವೋವಾದಿ ಪಕ್ಷವಾಯಿತು. 2005ರಲ್ಲಿ ಛತ್ತೀಸಗಢದಲ್ಲಿ ಅವರ ವಿರುದ್ಧ ‘ಸಲ್ವಾ ಜುಡುಂ’ ಹುಟ್ಟಿತು. ನೂರಾರು ಹಳ್ಳಿಗಳು ಬರಿದಾದವು, ಮನೆಗಳು ಸುಟ್ಟವು. ಮನೆ ಕಳೆದುಕೊಂಡ ಅನೇಕ ಯುವಕರು ಮಾವೋವಾದಿಗಳ ಕಡೆಗೇ ಓಡಿದರು. ಆದಿವಾಸಿ ತರುಣರನ್ನು ವಿಶೇಷ ಪೊಲೀಸರನ್ನಾಗಿ ಬಳಸುವುದು ಸಂವಿಧಾನಬಾಹಿರವೆಂದು 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಅದಕ್ಕೂ ಮುಂಚೆ, 2010ರ ಏಪ್ರಿಲ್ 6ರಂದು, ದಾಂತೇವಾಡದಲ್ಲಿ ಒಂದೇ ದಾಳಿಯಲ್ಲಿ 76 ಮಂದಿ ಭದ್ರತಾ ಸಿಬ್ಬಂದಿ ಸತ್ತಿದ್ದರು.

ಅದು ಏರಿಕೆಯ ತುದಿ. ಕೇಂದ್ರ ಗೃಹ ಸಚಿವಾಲಯದ ಲೆಕ್ಕದ ಪ್ರಕಾರ ಈ ಹಿಂಸಾಚಾರದಲ್ಲಿ 2010ರಲ್ಲಿ 1,005 ನಾಗರಿಕರು ಮತ್ತು ಭದ್ರತಾ ಸಿಬ್ಬಂದಿ ಪ್ರಾಣ ಕಳೆದುಕೊಂಡಿದ್ದರು. 2024ರಲ್ಲಿ ಈ ಸಂಖ್ಯೆ 150. ಪೀಡಿತ ಜಿಲ್ಲೆಗಳು 2018ರ ಆರಂಭದಲ್ಲಿದ್ದ 126ರಿಂದ 2024ರಲ್ಲಿ 38ಕ್ಕೆ ಇಳಿದವು. 2025ರ ಮೇ ತಿಂಗಳಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿ ಬಸವರಾಜು ಹತರಾದರು. ಅಕ್ಟೋಬರಿನಲ್ಲಿ ಹಿರಿಯ ನಾಯಕ ಮಲ್ಲೋಜುಲ ವೇಣುಗೋಪಾಲ ರಾವ್ 60 ಸಂಗಾತಿಗಳೊಂದಿಗೆ ಗಡಚಿರೋಲಿಯಲ್ಲಿ ಶರಣಾದರು. ಇದರಲ್ಲಿ ಪೊಲೀಸ್ ಬಲದ ಪಾಲು ದೊಡ್ಡದು. ಹಾಗೆಯೇ ಹೊಸ ರಸ್ತೆ, ಮೊಬೈಲ್ ಗೋಪುರ, ಪಡಿತರ ಅಂಗಡಿಗಳ ಪಾಲೂ ಇದೆ. ಆದುದರಿಂದ ಜಿಲ್ಲೆಗಳ ಸಂಖ್ಯೆ ಇಳಿದದ್ದನ್ನೇ ಜನಮನದ ಅಳತೆಗೋಲು ಎನ್ನಲಾಗದು. ಅದು ಹೇಳುವುದು ಬಂದೂಕುಗಳ ಲೆಕ್ಕವನ್ನು ಮಾತ್ರ.

ಮತಪೆಟ್ಟಿಗೆ ಹೇಳುವುದೇನು?

ಜನಮನದ ಲೆಕ್ಕ ನೇಪಾಳದಲ್ಲಿ ಸಿಗುತ್ತದೆ. ಅಲ್ಲಿ 1996ರಿಂದ 2006ರವರೆಗೆ ನಡೆದ ಯುದ್ಧದಲ್ಲಿ ಸುಮಾರು 17,000 ಮಂದಿ ಸತ್ತರು. ನಂತರ ಮಾವೋವಾದಿಗಳು ಚುನಾವಣೆಗೆ ಬಂದರು. 2008ರಲ್ಲಿ ಸಂವಿಧಾನ ಸಭೆಯ 575 ಚುನಾಯಿತ ಸ್ಥಾನಗಳಲ್ಲಿ 220 ಗೆದ್ದರು. ರಾಜಸತ್ತೆ ಹೋಯಿತು, ಗಣರಾಜ್ಯ ಬಂತು. 2013ರಲ್ಲಿ ಅವರಿಗೆ ಸಿಕ್ಕಿದ್ದು 80 ಸ್ಥಾನ. 2022ರಲ್ಲಿ 275 ಸ್ಥಾನಗಳ ಸಂಸತ್ತಿನಲ್ಲಿ ಮುಖ್ಯ ಮಾವೋವಾದಿ ಪಕ್ಷ ಪಡೆದದ್ದು 32. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ತರುಣರು ಬೀದಿಗಿಳಿದು ಸರ್ಕಾರವನ್ನೇ ಉರುಳಿಸಿದರು. ಆದರೆ ಅವರು ಕೆಂಬಾವುಟದ ಹಿಂದೆ ಹೋಗಲಿಲ್ಲ. ಅವರ ಸಿಟ್ಟು ಕಮ್ಯುನಿಸ್ಟರೂ ಸೇರಿದಂತೆ ಎಲ್ಲ ಹಳೆಯ ನಾಯಕರ ಮೇಲಿತ್ತು.

ಬಿಹಾರದಲ್ಲಿ, ನಕ್ಸಲ್‌ಬಾರಿಯಿಂದಲೇ ಕವಲೊಡೆದು ಚುನಾವಣೆಯ ದಾರಿಗೆ ಬಂದ ಸಿಪಿಐ (ಎಂಎಲ್) ಲಿಬರೇಷನ್ ಪಕ್ಷ 2020ರ ವಿಧಾನಸಭಾ ಚುನಾವಣೆಯಲ್ಲಿ 19 ಕಡೆ ಸ್ಪರ್ಧಿಸಿ 12 ಗೆದ್ದಿತು. 2024ರಲ್ಲಿ ಇಬ್ಬರನ್ನು ಲೋಕಸಭೆಗೆ ಕಳಿಸಿತು. 2025ರ ವಿಧಾನಸಭಾ ಚುನಾವಣೆಯಲ್ಲಿ ಎರಡೇ ಸ್ಥಾನಕ್ಕೆ ಇಳಿಯಿತು. ಒಲಿದ ಮತದಾರ ಮುನಿಯಲೂಬಲ್ಲ. ಕಾಡಿನ ದಳಗಳಿಗೆ ಇಂಥ ಪರೀಕ್ಷೆ ಎಂದೂ ಇರಲಿಲ್ಲ.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ, ಸಶಸ್ತ್ರ ಕ್ರಾಂತಿಗೆ ಈ ಭಾಗದಲ್ಲಿ ಬೆಂಬಲ ಹೆಚ್ಚುತ್ತಿದೆ ಎನ್ನಲು ಆಧಾರವಿಲ್ಲ. ಆದರೆ ಬೆಂಬಲ ಇದ್ದಾಗಲೂ ಅದು ಸಿದ್ಧಾಂತಕ್ಕಿಂತ ಹೆಚ್ಚಾಗಿ ನೆಲ, ಕೂಲಿ, ಕಾಡಿನ ಹಕ್ಕು ಮತ್ತು ಮರ್ಯಾದೆಗೆ ಸಿಕ್ಕ ಬೆಂಬಲವಾಗಿತ್ತು. ಇವು ಕಾನೂನಿನ ಮೂಲಕ ದಕ್ಕಿದಲ್ಲೆಲ್ಲ ಜನ ಬಂದೂಕಿನಿಂದ ದೂರ ಸರಿದಿದ್ದಾರೆ.

ಮಲೆನಾಡಿನಲ್ಲಿ ಆ ಕೆಲಸ ಮುಗಿದಿಲ್ಲ. ಜನವರಿಯಲ್ಲಿ ಶರಣಾದವರ ಬೇಡಿಕೆಗಳಲ್ಲಿಯೂ ಕಾಡಿನ ಜನರ ಭೂಮಿಯ ಹಕ್ಕು ಸೇರಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿಗೆ ಸೇರದ ಅರಣ್ಯವಾಸಿ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಕಾಗದಪತ್ರವೇ ಇರದ ಕಾಲದ ಸಾಕ್ಷ್ಯ ತರುವುದೆಲ್ಲಿಂದ? ಕರ್ನಾಟಕದಲ್ಲಿ ಹಕ್ಕುಪತ್ರ ಪಡೆದವರಿಗಿಂತ ಅರ್ಜಿ ತಿರಸ್ಕೃತಗೊಂಡವರ ಸಂಖ್ಯೆ ಎಷ್ಟೋ ಪಾಲು ಹೆಚ್ಚು. ಆ ಅರ್ಜಿದಾರರಲ್ಲಿ ಬಹುತೇಕರು ಎಂದೂ ಬಂದೂಕು ಮುಟ್ಟಿದವರಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದವರು. ಕಾಗೋಡಿನ ಗೇಣಿದಾರರು ಕಾಯ್ದದ್ದು ಎರಡು ದಶಕ. ಅರಣ್ಯ ಹಕ್ಕಿನ ಕಾಯ್ದೆ ಬಂದೂ ಈಗ ಅಷ್ಟೇ ಕಾಲವಾಗುತ್ತಿದೆ.